ಸಕ್ಕರೆಯ ಪರೀಕ್ಷೆ: ನಾಲಗೆಯಿಂದಲೋ, ಪ್ರನಾಳದಿಂದಲೋ?

'ಶರ್ಕರಾ' ಎಂಬ ಸಂಸ್ಕೃತ ಶಬ್ದಕ್ಕೆ ಹರಳುಗಲ್ಲು ಎಂಬ ಅರ್ಥವೂ ಉಂಟು. ನಮ್ಮ 'ಸಕ್ಕರೆ' ಅದರ ತದ್ಭವ. ಕಲ್ಲಿನಿಂದ ಹೊನ್ನನ್ನು ತೆಗೆದ ಕೋಲಾರ ಚಿನ್ನದ ಗಣಿಯ ಸೀಮೆಯವರಿಗೆ ಸಕ್ಕರೆಯ ರಸಾಯನವನ್ನು ವಿವರಿಸಲು ಚಿನ್ನದ ದೃಷ್ಟಾಂತವೇ ಸಾಕು.

ಪುಡಿಮಾಡಿದ ಅದಿರಿನ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸುವ ಕ್ರಮವೊಂದುಂಟು. ಆ ದ್ರಾವಣಕ್ಕೆ ಸತುವನ್ನು ಸೇರಿಸಿದರೆ, ಸತುವು ತನ್ನ ಎಲೆಕ್ಟ್ರಾನುಗಳನ್ನಿತ್ತು ತಾನು ಕರಗುವುದು; ಚಿನ್ನವು ಘನರೂಪದಲ್ಲಿ ಬೇರ್ಪಡುವುದು. ಹೀಗೆ ಎಲೆಕ್ಟ್ರಾನನ್ನು ಕೊಡುವುದೇ ಅಪಕರ್ಷಣ ಗುಣ. 2001ರಲ್ಲಿ ಗಣಿಗಳು ಮುಚ್ಚಿದರೂ ಸಯನೈಡ್ ದಿಬ್ಬಗಳು ಆ ವಿದ್ಯೆಯ ಗುರುತಾಗಿ ಉಳಿದಿವೆ.

ಇದೇ ಗುಣವು ಗ್ಲೂಕೋಸಿಗೂ ಉಂಟು. ಮೈಲುತುತ್ತ, ಸೋಡಿಯಂ ಕಾರ್ಬೊನೇಟ್, ಸೋಡಿಯಂ ಸಿಟ್ರೇಟ್ ಇವುಗಳಿಂದಾದ ನೀಲಿ ದ್ರಾವಣವೇ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟರ ಹೆಸರಿನ ಕಾರಕ. ಗ್ಲೂಕೋಸಿನೊಡನೆ ಅದನ್ನು ಕಾಯಿಸಿದರೆ, ಸಕ್ಕರೆಯ ಪ್ರಮಾಣಕ್ಕನುಗುಣವಾಗಿ ಬಣ್ಣವು ಹಸಿರು, ಹಳದಿ, ಕಿತ್ತಳೆಗಳನ್ನು ದಾಟಿ ಇಟ್ಟಿಗೆಗೆಂಪಿಗೆ ತಿರುಗುವುದು. ತಾಮ್ರವು ಕ್ಯೂಪ್ರಸ್ ಆಕ್ಸೈಡ್ ಆಗಿ ತಳಕ್ಕಿಳಿಯುವುದೇ ಇದರ ಕಾರಣ.

ಅಡಿಗೆಮನೆಯ ಬಿಳಿ ಸಕ್ಕರೆಯು ಗ್ಲೂಕೋಸಿಗಿಂತ ಸಿಹಿಯಾದರೂ ಈ ಪರೀಕ್ಷೆಗೆ ಓಗೊಡದು. ಅದರಲ್ಲಿ ಗ್ಲೂಕೋಸೂ ಫ್ರಕ್ಟೋಸೂ ತಮ್ಮ ಕ್ರಿಯಾಶೀಲ ತುದಿಗಳಿಂದಲೇ ಪರಸ್ಪರ ಬೆಸೆದುಕೊಂಡಿವೆ. ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದೊಡನೆ ಕುದಿಸಿ, ಸೋಡದಿಂದ ಆಮ್ಲವನ್ನು ತಟಸ್ಥಗೊಳಿಸಿ ಪರೀಕ್ಷಿಸಿದರೆ, ಬೆಸುಗೆ ಬಿಟ್ಟು ಕೆಂಪು ತೋರುವುದು. ಆದುದರಿಂದ ಸಿಹಿಯೊಂದೇ ಪ್ರಮಾಣವಲ್ಲ.

ಬಂಗಾರಪೇಟೆಯ ಸುತ್ತಣ ಮನೆಗಳ ರಾಗಿಗೂ ಈ ಮಾತು ಸಲ್ಲುವುದು. ರಾಗಿ ಹಿಟ್ಟಿನ ಗಂಜಿಯು ಆರಿದ ಮೇಲೆ ಅಯೋಡಿನ್ ಬೆರೆತರೆ ಕಡುನೀಲಿಯಾಗುವುದು. ಅದು ಪಿಷ್ಟದ ಗುರುತು. ರಾಗಿ ಮೊಳೆತಾಗ ಕಾಳಿನ ಕಿಣ್ವಗಳು ಪಿಷ್ಟವನ್ನು ಒಡೆದು ಮಾಲ್ಟೋಸ್ ಮುಂತಾದ ಶರ್ಕರಗಳನ್ನಾಗಿಸುವುವು. ಆ ಹಿಟ್ಟನ್ನು ನೆನೆಸಿ ಸೋಸಿದ ನೀರು ಬೆನೆಡಿಕ್ಟ್ ಕಾರಕದ ಬಣ್ಣವನ್ನು ಬದಲಿಸುವುದು. ಮೊಳಕೆ ರಾಗಿಯ ಗಂಜಿ ತೆಳುವಾಗುವುದೂ ಪಿಷ್ಟ ಒಡೆಯುವುದರಿಂದಲೇ.

ಮಧುಮೇಹಿಗಳ ಮೂತ್ರಪರೀಕ್ಷೆಗೆ ಬಹುಕಾಲ ಬಳಕೆಯಾದುದೂ ಇದೇ ಕಾರಕ. ಅದೇ ರೋಗಿಗೆ, ಬೆಲ್ಲ ಹಾಕಿಲ್ಲವೆಂಬ ಧೈರ್ಯದಿಂದ, ಮೊಳಕೆ ರಾಗಿಯ ಗಂಜಿಯನ್ನು ಅಳತೆಯಿಲ್ಲದೆ ಬಡಿಸುವುದುಂಟು. ಮೊಳೆಯದ ರಾಗಿಯ ಪಿಷ್ಟವೂ ಕರುಳಿನಲ್ಲಿ ಗ್ಲೂಕೋಸೇ ಆಗುವುದು. ರಾಗಿ ಉತ್ತಮ ಧಾನ್ಯವೆಂಬುದು ದಿಟ. ಆದರೆ ಸಕ್ಕರೆ ಬೆರೆಸಿಲ್ಲ ಎಂಬುದು ಬೇರೆ, ಸಕ್ಕರೆಯೇ ಇಲ್ಲ ಎಂಬುದು ಬೇರೆ. ಈ ಅಂತರವನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಂಡ ವಿದ್ಯಾರ್ಥಿಯು ಮನೆಯ ಹಿರಿಯರಿಗೆ ಅದನ್ನು ತಿಳಿಯಹೇಳಿದರೆ ಆ ಪಾಠವು ಸಾರ್ಥಕ.