ಫ್ಲಾಪಿಯಲ್ಲಿ ತ್ರುಟಿತವಾದ ಪಾಠದ ಉದ್ಧಾರ

ಓಲೆಗರಿಯಿಂದ ಅಚ್ಚಿಗೆ ಬರುವ ದಾರಿಯಲ್ಲಿ ಪಾಠವು ಹಿಂದೆ ಕಾಗದದ ಪ್ರತಿಯಲ್ಲಿ ತಂಗುತ್ತಿತ್ತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಕಟ್ಟುಗಳನ್ನು ಕೂಡಿಸಿ, ಕಾಗದಕ್ಕಿಳಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚು ಮಾಡಿಸಿದುದು ವಿದ್ವಾಂಸರಿಗೆ ವಿದಿತವೇ ಇದೆ. 1990ರ ದಶಕದಲ್ಲಿ ಆ ಕಾಗದದ ಸ್ಥಾನಕ್ಕೆ ಫ್ಲಾಪಿ ಬಂದಿತು. ಅಂದು ಗಣಕದಲ್ಲಿ ಸಿದ್ಧವಾದ ಪ್ರತಿಲಿಪಿಯು ಅಚ್ಚಾಗದೆ ಉಳಿದು, ಮೂಲದ ಗರಿಯು ಆಮೇಲೆ ಹುಳು ತಿಂದು ಹೋಗಿದ್ದರೆ, ಆ ಫ್ಲಾಪಿಯೇ ಏಕೈಕ ಪ್ರತಿಯಾಗುತ್ತದೆ.

ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಒಣಹವೆ ಈ ವಸ್ತುವಿಗೆ ಒಂದು ರೀತಿಯಲ್ಲಿ ಹಿತ. ಕರಾವಳಿಯ ಭಂಡಾರಗಳಲ್ಲಿ ತಟ್ಟೆಗೆ ಹಿಡಿಯುವ ಬೂಷ್ಟು ಇಲ್ಲಿ ಕಡಿಮೆ. ಆದರೆ ಎರೆಮಣ್ಣಿನ ಧೂಳು ಸಾಮಾನ್ಯವಾದುದಲ್ಲ. ಫ್ಲಾಪಿಯನ್ನು ಓದುವ ಯಂತ್ರದ ಹೆಡ್ಡು ತಟ್ಟೆಯ ಮೈಯನ್ನು ಮುಟ್ಟಿಕೊಂಡೇ ಸಾಗುವುದರಿಂದ ಒಂದು ಕಣವೂ ಗೀರು ಎಳೆಯಬಲ್ಲದು. ಒಂದು ತಟ್ಟೆಯ ಕೊಳೆ ಹೆಡ್ಡಿಗೆ ಅಂಟಿ ಮುಂದಿನ ತಟ್ಟೆಯನ್ನೂ ಕೆಡಿಸುತ್ತದೆ. ಆದುದರಿಂದ ಪ್ರತಿ ಶಂಕಿತ ತಟ್ಟೆಯ ಅನಂತರ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸತಕ್ಕದ್ದು.

ಮೂರೂವರೆ ಅಂಗುಲದ ಸಾಮಾನ್ಯ ಫ್ಲಾಪಿಯಲ್ಲಿ ಎರಡು ಮೈ, ಮೈಗೆ 80 ವೃತ್ತ, ವೃತ್ತಕ್ಕೆ 18 ಖಂಡ, ಒಟ್ಟು 2880 ಖಂಡಗಳು. ಖಂಡವೊಂದಕ್ಕೆ 512 ಬೈಟು. ಕನ್ನಡದಲ್ಲಿ ಸುಮಾರು ನಾಲ್ಕೈದು ಕಂದಪದ್ಯಗಳಷ್ಟು. ಯಾವ ಕಡತದ ಯಾವ ಖಂಡ ಎಲ್ಲಿದೆಯೆಂಬ ಸೂಚಿಯನ್ನು ಯಂತ್ರವು ಎರಡು ಪ್ರತಿಗಳಲ್ಲಿ ಬರೆದಿಡುತ್ತದೆ. ದುರ್ದೈವವೆಂದರೆ ಆ ಎರಡೂ ಅತ್ಯಂತ ಹೊರಗಿನ ಒಂದೇ ವೃತ್ತದಲ್ಲಿವೆ. ಎರಡು ಪ್ರತಿ ಮಾಡಿಸಿ ಒಂದೇ ಪೆಟ್ಟಿಗೆಯಲ್ಲಿಟ್ಟಂತೆ! ಆ ವೃತ್ತ ಕೆಟ್ಟರೆ ಪಾಠ ಅಕ್ಷತವಾಗಿದ್ದರೂ ತಟ್ಟೆ ಬರಿದೆಂದು ತೋರುತ್ತದೆ.

ಆಗ ಗಣಕವು ತಟ್ಟೆಯನ್ನು ಹೊಸದಾಗಿ ಅಣಿಗೊಳಿಸಲೇ ಎಂದು ಕೇಳುವುದುಂಟು. ಒಪ್ಪಲೇಬಾರದು. ದೋಷಗಳನ್ನು ತಾನೇ ಸರಿಪಡಿಸುವ ತಂತ್ರಾಂಶಗಳೂ ಅಪಾಯಕರವೇ. ಅವು ಮೂಲದ ಮೇಲೆಯೇ ಬರೆಯುತ್ತವೆ. ಅರ್ಥವಾಗದ ಪಾಠವನ್ನು ತನಗೆ ತೋಚಿದಂತೆ ತಿದ್ದಿದ ಲಿಪಿಕಾರನಿಂದಾದ ಹಾನಿ ಇದಕ್ಕಿಂತ ಭಿನ್ನವಲ್ಲ. ಮೊದಲು ಬರಹತಡೆಯ ಕಿಂಡಿಯನ್ನು ತೆರೆದಿಟ್ಟು, ತಟ್ಟೆಯ ಎಲ್ಲ ಖಂಡಗಳನ್ನೂ ಇದ್ದ ಕ್ರಮದಲ್ಲೇ ಒಂದು ಬಿಂಬಪ್ರತಿಯಾಗಿ ಎತ್ತಿಕೊಳ್ಳಬೇಕು. ಮುಂದಿನ ಶೋಧನೆಯೆಲ್ಲ ಆ ಬಿಂಬದ ಮೇಲೆ.

ಪ್ರತಿ ಖಂಡದ ಕೊನೆಯಲ್ಲಿ ಎರಡು ಬೈಟಿನ ತಾಳೆಸಂಖ್ಯೆ ಇರುತ್ತದೆ. ಅದು ತಪ್ಪನ್ನು ತೋರಿಸುತ್ತದೆ, ತಿದ್ದುವುದಿಲ್ಲ. ತಾಳೆಯಾಗದ ಖಂಡವನ್ನು ಬೇರೆ ಬೇರೆ ಡ್ರೈವುಗಳಲ್ಲಿ ಮತ್ತೆ ಮತ್ತೆ ಓದಿಸಬೇಕು. ಹೆಡ್ಡಿನ ನಿಲುವು ಡ್ರೈವಿನಿಂದ ಡ್ರೈವಿಗೆ ಕೂದಲೆಳೆಯಷ್ಟು ಬೇರೆಯಾಗಿರುವುದರಿಂದ ಒಂದು ಓದದುದನ್ನು ಇನ್ನೊಂದು ಓದೀತು. ಅದೂ ಸೋತರೆ ಗ್ರೀಸ್‌ವೀಝಲ್, ಕ್ರಯೋಫ್ಲಕ್ಸ್‌ನಂತಹ ಸಲಕರಣೆಗಳು ಕಾಂತೀಯ ಸ್ಪಂದನಗಳನ್ನೇ ದಾಖಲಿಸಿಕೊಡುತ್ತವೆ. ಆಗಲೂ ಬಾರದ ಖಂಡದ ಜಾಗವನ್ನು ತ್ರುಟಿತವೆಂದೇ ಗುರುತಿಸಬೇಕು, ತುಂಬಬಾರದು.

ಸೂಚಿ ನಷ್ಟವಾದಲ್ಲಿ ಖಂಡಗಳನ್ನು ಜೋಡಿಸುವ ಕೆಲಸ ಹಸ್ತಪ್ರತಿಜ್ಞನದೇ. ದಾರ ಹರಿದು ಪತ್ರಸಂಖ್ಯೆ ಅಳಿಸಿದ ಗರಿಗಳಂತೆ ಅವು ಬಿದ್ದಿರುತ್ತವೆ. ಒಮ್ಮೆಗೇ ಬರೆದ ಕಡತ ಸಾಮಾನ್ಯವಾಗಿ ಸಾಲಾಗಿರುತ್ತದೆ. ಪದೇ ಪದೇ ತಿದ್ದಿದುದು ಚದರಿರುತ್ತದೆ. ಅಲ್ಲಿ ಛಂದಸ್ಸು, ಪದ್ಯಸಂಖ್ಯೆ, ಆಶ್ವಾಸಾಂತ್ಯದ ಗದ್ಯಗಳೇ ಆಧಾರ. ಅಳಿಸಿದ ಕಡತದ ವಿಷಯದಲ್ಲಿ ಯಂತ್ರವು ಹೆಸರಿನ ಮೊದಲಕ್ಷರವನ್ನು ಕೆಡಿಸಿ ಸೂಚಿಯಲ್ಲಿ ಜಾಗವನ್ನು ತೆರವೆಂದು ಗುರುತಿಸುತ್ತದೆ. ಮೇಲೆ ಬೇರೆ ಬರೆಯುವವರೆಗೆ ಪಾಠ ಅಲ್ಲೇ ಇರುತ್ತದೆ.

ಬೈಟುಗಳು ದೊರೆತ ಮೇಲೂ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಬಹುದು. ಯೂನಿಕೋಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ದೊರೆತರೂ ಅದರ ಬಳಕೆ ತಡವಾಗಿ ಬಂದಿತು. ಅಲ್ಲಿಯವರೆಗೆ ಒಂದೊಂದು ಅಕ್ಷರಶೈಲಿಗೆ ಒಂದೊಂದು ಸಂಕೇತಕ್ರಮ. ಮೂಲದ ಅಕ್ಷರಶೈಲಿಯನ್ನು ಗುರುತಿಸಿದ ಮೇಲೆಯೇ ಪರಿವರ್ತನೆ ಸಾಧ್ಯ. ಹಳಗನ್ನಡ ಸಂಪಾದಕರು ಇಲ್ಲಿ ವಿಶೇಷವಾಗಿ ನೋಡಬೇಕಾದುದು ಱ, ೞಗಳನ್ನು. ಅಂದಿನ ಬೆರಳಚ್ಚುಗಾರನು ಅವಕ್ಕೆ ಬೇರಾವುದೋ ಚಿಹ್ನೆಯನ್ನು ಬಳಸಿದ್ದರೆ ಪರಿವರ್ತಕವು ಅದನ್ನು ಕೈಬಿಟ್ಟೀತು, ಅಥವಾ ರ, ಳಗಳಾಗಿಸೀತು. ಪ್ರಾಸಸ್ಥಾನದಲ್ಲಿ ಮಾತ್ರ ಅದು ಸಿಕ್ಕಿಬೀಳುತ್ತದೆ. ಪರಿವರ್ತಿತ ಪಾಠದೊಡನೆ ಬಿಂಬಪ್ರತಿಯನ್ನೂ ಇಟ್ಟಿದ್ದರೆ ಅಂತಹ ಪ್ರತಿಯೊಂದು ಸ್ಥಳವನ್ನೂ ಮತ್ತೆ ತಾಳೆ ನೋಡಬಹುದು.