ನೀರಿಗೆ ಮಣಿಯದ ಹರಳೆಣ್ಣೆಯ ನೈಲಾನ್

ಘಾಟಿ ಇಳಿಯುವ ಲಾರಿಯ ಬ್ರೇಕ್ ಹಿಡಿಯುವುದು ಗಾಳಿಯ ಒತ್ತಡದಿಂದ. ಆ ಗಾಳಿಯನ್ನು ಟ್ಯಾಂಕಿನಿಂದ ಚಕ್ರದ ಬಳಿಗೆ ಒಯ್ಯುವುದು ಚಾಸಿಯಡಿ ಹಾದುಹೋಗುವ ಬೆರಳು ದಪ್ಪದ ನೈಲಾನ್ ಕೊಳವೆ. ಮಳೆ, ಕೆಸರು, ಎಂಜಿನ್ನಿನ ಬಿಸಿ, ಡೀಸೆಲ್ಲಿನ ಜಿಡ್ಡು, ಶೀತದೇಶಗಳಲ್ಲಾದರೆ ಹಿಮ, ಎಲ್ಲವನ್ನೂ ಅದು ತಾಳಿಕೊಳ್ಳಬೇಕು. ದಶಕಗಳಿಂದ ಈ ಕೆಲಸಕ್ಕೆ ಬಳಕೆಯಲ್ಲಿರುವ ಪ್ಲಾಸ್ಟಿಕ್‌ಗಳಲ್ಲಿ ನೈಲಾನ್ 11 ಒಂದು. ಅದರ ಮೂಲ ಪೆಟ್ರೋಲಿಯಂ ಅಲ್ಲ, ನಮ್ಮ ಹೊಲದ ಬದುಗಳಲ್ಲೂ ಬೆಳೆಯುವ ಹರಳು ಗಿಡ.

ಗಿಡದಿಂದ ಬಂದ ಪ್ಲಾಸ್ಟಿಕ್ ಎಂದರೆ ನೆಂದರೆ ಮೆತ್ತಗಾಗುತ್ತದೆ, ಬಿಸಿಗೆ ಸೊಟ್ಟಗಾಗುತ್ತದೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಪಿಷ್ಟದ ಪ್ಲಾಸ್ಟಿಕ್ ನೀರನ್ನು ಹೀರಿ ಉಬ್ಬುತ್ತದೆ. ಮೆಕ್ಕೆಜೋಳದ ಸಕ್ಕರೆಯಿಂದ ತಯಾರಾಗುವ ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಗಿ ಕಳೆದುಕೊಳ್ಳುತ್ತದೆ. ಆದರೆ ಈ ದೋಷಗಳನ್ನು ಗಿಡದ ತಲೆಗೆ ಕಟ್ಟುವುದು ತಪ್ಪು. ನೈಲಾನ್ 11 ಹುಟ್ಟಿದ ಬಗೆಯನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ.

ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ಅವರ ತಂಡ ನೈಲಾನ್ 66 ತಯಾರಿಸಿದ್ದು 1935ರಲ್ಲಿ. ಫ್ರಾನ್ಸಿನ ‘ಥಾನ್ ಎ ಮ್ಯುಲೂಸ್’ ಎಂಬ ರಾಸಾಯನಿಕ ಕಂಪನಿಯಲ್ಲಿದ್ದ ಜೋಸೆಫ್ ಝೆಲ್ಟ್ನರ್ ಅವರಿಗೆ ಆ ಸಂಶೋಧನೆ ಹೊಸ ದಾರಿ ತೋರಿಸಿತು. ಅವರ ಕಂಪನಿ ಹರಳೆಣ್ಣೆಯಿಂದ ಅಂಡೆಸಿಲೆನಿಕ್ ಆಮ್ಲ ತೆಗೆಯುತ್ತಿತ್ತು. ಅದನ್ನೇ ನೈಲಾನಿನ ಕಚ್ಚಾವಸ್ತುವಾಗಿ ಮಾಡಬಾರದೇಕೆ ಎಂಬ ಯೋಚನೆ 1938ರಲ್ಲಿ ಮೊಳೆಯಿತು. ಮಿಷೆಲ್ ಜೆನಾ, ಮಾರ್ಸೆಲ್ ಕಾಸ್ನರ್ ಜೊತೆಗೂಡಿದರು. 1947ರಲ್ಲಿ ಪೇಟೆಂಟ್ ಅರ್ಜಿ, 1950ರಲ್ಲಿ ಮೊದಲ ನೂಲು, 1955ರಲ್ಲಿ ಮಾರ್ಸೇಯಲ್ಲಿ ಕಾರ್ಖಾನೆ. ‘ರಿಲ್ಸಾನ್’ ಎಂಬ ಹೆಸರಲ್ಲಿ ಅದು ಮಾರುಕಟ್ಟೆಗೆ ಬಂತು.

ಹರಳೆಣ್ಣೆಯೇ ಏಕೆ? ಅದರ ಕೊಬ್ಬಿನಾಮ್ಲಗಳಲ್ಲಿ ಶೇ 85ಕ್ಕೂ ಹೆಚ್ಚು ಪಾಲು ರಿಸಿನೋಲಿಕ್ ಆಮ್ಲ. ಹದಿನೆಂಟು ಇಂಗಾಲಗಳ ಈ ಸರಪಳಿಯಲ್ಲಿ ಹನ್ನೆರಡನೆಯದಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿದೆ. ಕಡಲೆಕಾಯಿ ಎಣ್ಣೆಯಲ್ಲಾಗಲಿ ಕೊಬ್ಬರಿ ಎಣ್ಣೆಯಲ್ಲಾಗಲಿ ಇಂಥ ಏರ್ಪಾಡಿಲ್ಲ. ಎಣ್ಣೆಯನ್ನು ಮೊದಲು ಮೆಥನಾಲ್ ಜೊತೆ ವರ್ತಿಸುವಂತೆ ಮಾಡಿ, ಆಮೇಲೆ ಸುಮಾರು 500 ಡಿಗ್ರಿಗೆ ಕಾಯಿಸಿದರೆ ಸರಪಳಿ ಆ ಗುಂಪಿನ ಪಕ್ಕದಲ್ಲೇ ಮುರಿಯುತ್ತದೆ. ಏಳು ಇಂಗಾಲದ ತುಂಡು ಸುಗಂಧದ್ರವ್ಯಗಳ ತಯಾರಿಕೆಗೆ ಹೋಗುತ್ತದೆ. ಹನ್ನೊಂದು ಇಂಗಾಲದ ತುಂಡಿಗೆ ಕೊನೆಯಲ್ಲಿ ಅಮೋನಿಯಾದಿಂದ ಸಾರಜನಕ ಸೇರಿಸಿ ನೈಲಾನ್ ಕಟ್ಟುತ್ತಾರೆ.

ನೀರಿನ ಕಥೆ ಶುರುವಾಗುವುದು ಇಲ್ಲಿಂದ. ಎಲ್ಲ ನೈಲಾನ್‌ಗಳಲ್ಲೂ ಅಣುಸರಪಳಿಯ ಉದ್ದಕ್ಕೂ ಸರಕ್ಕೆ ಮಣಿ ಪೋಣಿಸಿದಂತೆ ಅಮೈಡ್ ಗುಂಪುಗಳಿರುತ್ತವೆ. ನೀರಿನ ಅಣು ಬಂದು ಕೂರುವುದು ಆ ಗುಂಪುಗಳ ಮೇಲೆ. ಪೆಟ್ರೋಲಿಯಂ ಮೂಲದ ನೈಲಾನ್ 6ರಲ್ಲಿ ಅವು ಒತ್ತೊತ್ತಾಗಿವೆ. ನೈಲಾನ್ 11ರಲ್ಲಿ ನಡುನಡುವೆ ಹತ್ತು ಇಂಗಾಲಗಳ ಉದ್ದನೆಯ ಎಣ್ಣೆಗುಣದ ಭಾಗವಿದ್ದು, ಅದು ನೀರನ್ನು ದೂರವಿಡುತ್ತದೆ. ಚೆನ್ನಾಗಿ ಒಣಗಿಸಿದ ನೂರು ಗ್ರಾಂ ತುಂಡುಗಳನ್ನು ನೀರಿನಲ್ಲಿ ಮುಳುಗಿಸಿ, ಇನ್ನು ಹೀರಲಾರವು ಎಂಬಷ್ಟು ಕಾಲ ಬಿಟ್ಟು ತೂಗಿದರೆ ನೈಲಾನ್ 6 ಸುಮಾರು 109 ಗ್ರಾಂ ತೂಗುತ್ತದೆ, ನೈಲಾನ್ 11 ಸುಮಾರು 102. ಪೆಟ್ರೋಲಿಯಂನಿಂದ ಬಂದದ್ದೇ ಇಲ್ಲಿ ಹೆಚ್ಚು ನೀರು ಕುಡಿಯಿತು!

ಒಳಸೇರಿದ ನೀರು ಸರಪಳಿಗಳ ನಡುವಿನ ಹಿಡಿತ ಸಡಿಲಿಸುತ್ತದೆ. ಒಣಗಿದ್ದಾಗ 50 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುವ ನೈಲಾನ್ 6 ಪೂರ್ತಿ ನೆಂದರೆ ಸಾಮಾನ್ಯ ಉಷ್ಣತೆಯಲ್ಲೇ ಸಡಿಲಾಗುತ್ತದೆ. ಅಳತೆಯೂ ಹಿಗ್ಗುತ್ತದೆ, ಬಿಗಿಯಾಗಿ ಕೂತಿದ್ದ ಗೇರು ಸಿಕ್ಕಿಹಾಕಿಕೊಳ್ಳುತ್ತದೆ. ನೈಲಾನ್ 11ರಲ್ಲಿ ಈ ಏರುಪೇರು ಕಡಿಮೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಪೆಟ್ಟು ತಾಳುತ್ತದೆ. ಬ್ರೇಕ್ ಕೊಳವೆಗೆ ಅದನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ.

ಇದಕ್ಕೆ ತೆತ್ತ ಬೆಲೆಯೂ ಇದೆ. ಅಮೈಡ್ ಗುಂಪುಗಳು ವಿರಳವಾದಷ್ಟೂ ಸರಪಳಿಗಳ ಪರಸ್ಪರ ಹಿಡಿತ ಕಮ್ಮಿ. ಹಾಗಾಗಿ ನೈಲಾನ್ 66 ಕರಗಲು ಸುಮಾರು 260 ಡಿಗ್ರಿ ಬೇಕಾದರೆ ನೈಲಾನ್ 11ಕ್ಕೆ 190 ಡಿಗ್ರಿ ಸಾಕು. ಕಡಲಾಳದಿಂದ ಕಚ್ಚಾತೈಲ ಎತ್ತುವ ಬಾಗುವ ಕೊಳವೆಗಳ ಒಳಪದರಕ್ಕೂ ಇದೇ ನೈಲಾನ್ ಬಳಸುತ್ತಾರೆ. ಆದರೆ ಬಿಸಿ ಮತ್ತು ನೀರು ಒಟ್ಟಿಗೆ ವರ್ಷಗಟ್ಟಲೆ ಕಾಡಿದರೆ ಸರಪಳಿಯೇ ತುಂಡಾಗುತ್ತಾ ಹೋಗುತ್ತದೆ. ಹೀಗಾಗಿ ಅಂಥ ಕೊಳವೆಗೆ ಎಷ್ಟು ಉಷ್ಣತೆಯಲ್ಲಿ ಎಷ್ಟು ಆಯುಷ್ಯ ಎಂದು ಎಂಜಿನಿಯರ್‌ಗಳು ಲೆಕ್ಕ ಹಾಕಿಯೇ ಕೂರಿಸುತ್ತಾರೆ.

ಜಗತ್ತಿನ ಹರಳಿನ ಬಹುಪಾಲು ಬೆಳೆಯುವುದು ಭಾರತದಲ್ಲಿ, ಅದರಲ್ಲೂ ಗುಜರಾತಿನಲ್ಲಿ. ಮಳೆ ಕಡಿಮೆಯಿದ್ದರೂ ಹಿಡಿದು ನಿಲ್ಲುವ ಬೆಳೆ ಅದು. 2016ರಲ್ಲಿ ನೈಲಾನ್ 11 ತಯಾರಿಸುವ ಆರ್ಕೆಮಾ ಕಂಪನಿಯೂ ಸೇರಿದಂತೆ ಕೆಲವು ಸಂಸ್ಥೆಗಳು ಅಲ್ಲಿನ ರೈತರಿಗಾಗಿ ‘ಪ್ರಗತಿ’ ಯೋಜನೆ ಆರಂಭಿಸಿದವು. ಕಾರ್ಖಾನೆಯ ಭವಿಷ್ಯ ಹೊಲವನ್ನು ನೆಚ್ಚಿದೆ ಎಂಬುದು ಉದ್ಯಮಕ್ಕೆ ಅರ್ಥವಾಗಿದೆ.

ನೈಲಾನ್ 11 ಮಣ್ಣಿನಲ್ಲಿ ಕೊಳೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ಸಸ್ಯಮೂಲ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ವಸ್ತು ದುರ್ಬಲವೂ ಅಲ್ಲ, ನಿರಪಾಯಕಾರಿಯೂ ಅಲ್ಲ. ಬಾಳಬೇಕಾದ ವಸ್ತುವಿಗೆ ಬಾಳುವ ಅಣುವನ್ನೂ, ಕೊಳೆಯಬೇಕಾದದ್ದಕ್ಕೆ ಕೊಳೆಯುವ ಅಣುವನ್ನೂ ಆರಿಸಿಕೊಳ್ಳುವ ಹೊಣೆ ನಮ್ಮದು. ಅದಕ್ಕೆ ಬೇಕಾದ ಎರಡೂ ಬಗೆ ಗಿಡಗಳಲ್ಲೇ ಇವೆ.