ಗುಡ್ಡದ ನೆರಳಿನ ಮಗ್ಗುಲು: ‘ಯಿನ್’ ಎಂಬ ಪದದ ಕಥೆ

ಕಪ್ಪು ಬಿಳುಪಿನ ಎರಡು ಮೀನುಗಳು ಒಂದನ್ನೊಂದು ಬಳಸಿ ಮಲಗಿದಂತೆ ಕಾಣುವ ವೃತ್ತವನ್ನು ಅಂಗಿಗಳ ಮೇಲೆ, ಅಂಗಡಿಯ ಫಲಕಗಳ ಮೇಲೆ ನೋಡದವರು ವಿರಳ. ಅದರ ಕಪ್ಪು ಭಾಗಕ್ಕೆ ಚೀನೀಯರು ‘ಯಿನ್’ ಎನ್ನುತ್ತಾರೆ, ಬಿಳಿಯ ಭಾಗಕ್ಕೆ ‘ಯಾಂಗ್’. ಹಾಗಾದರೆ ಯಿನ್ ಎಂದರೇನು? ಕತ್ತಲೆ, ಹೆಣ್ಣು, ಕೆಡುಕು ಎಂಬ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲಿನ ಎರಡು ಅರ್ಧ ಸತ್ಯ. ಮೂರನೆಯದು ಪೂರ್ತಿ ತಪ್ಪು.

ಈ ಪದ ಹುಟ್ಟಿದ್ದು ಪಂಡಿತರ ಚಾವಡಿಯಲ್ಲಲ್ಲ, ಬಯಲಿನಲ್ಲಿ. ಗುಡ್ಡದ ಬಿಸಿಲು ಬೀಳುವ ಮಗ್ಗುಲು ಯಾಂಗ್, ನೆರಳಿನ ಮಗ್ಗುಲು ಯಿನ್. ಚೀನಾದ ಬಹುಭಾಗದಲ್ಲಿ ಸೂರ್ಯನು ವರ್ಷವಿಡೀ ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನೆ. ಆದುದರಿಂದ ಅಲ್ಲಿ ಬೆಟ್ಟದ ಉತ್ತರ ಪಾರ್ಶ್ವ ಯಿನ್. ನದಿಯಾದರೆ ಉತ್ತರಕ್ಕೆ ಇಳಿಜಾರಾಗಿರುವ ದಕ್ಷಿಣ ದಂಡೆ ಯಿನ್. ಹುವಾ ಪರ್ವತದ ಉತ್ತರದ ಬುಡದಲ್ಲಿರುವ ಊರು ಹುವಾಯಿನ್. ಯಾಂಗ್ಟ್ಸೆ ನದಿಯ ದಕ್ಷಿಣ ದಂಡೆಯ ಪಟ್ಟಣ ಜಿಯಾಂಗ್‌ಯಿನ್. ಲುವೋ ನದಿಯ ಉತ್ತರಕ್ಕೆ ಬೆಳೆದ ಪುರಾತನ ರಾಜಧಾನಿ ಲುವೋಯಾಂಗ್. ಇಂದಿಗೂ ಚೀನಾದ ಹವಾಮಾನ ವರದಿಯಲ್ಲಿ ಮೋಡ ಮುಸುಕಿದ ದಿನವನ್ನು ಸೂಚಿಸುವುದು ಯಿನ್ ಎಂಬ ಅಕ್ಷರವೇ. 1956ರಲ್ಲಿ ಲಿಪಿಯನ್ನು ಸರಳಗೊಳಿಸಿದಾಗ ಯಿನ್ ಅಕ್ಷರದೊಳಕ್ಕೆ ಚಂದ್ರನೂ ಯಾಂಗ್ ಅಕ್ಷರದೊಳಕ್ಕೆ ಸೂರ್ಯನೂ ಬಂದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬೆಳಿಗ್ಗೆ ನೆರಳಿನಲ್ಲಿದ್ದ ಗುಡ್ಡದ ಪಡುವಣ ಇಳಿಜಾರಿಗೆ ಸಾಯಂಕಾಲ ಬಿಸಿಲು ಬೀಳುತ್ತದೆ. ಗುಡ್ಡ ಅದೇ, ಮಣ್ಣು ಅದೇ. ಬದಲಾದುದು ಬೆಳಕು. ಎಂದಮೇಲೆ ಯಿನ್ ಒಂದು ವಸ್ತುವಲ್ಲ, ಒಂದು ಮಗ್ಗುಲು. ಇನ್ನೊಂದು ಮಗ್ಗುಲಿಲ್ಲದೆ ಅದಕ್ಕೆ ಅರ್ಥವೇ ಇಲ್ಲ.

ವೈದ್ಯರ ಲೆಕ್ಕ

ತತ್ತ್ವಜ್ಞರು ಈ ಹೋಲಿಕೆಯನ್ನೇ ವಿಶ್ವಕ್ಕೆಲ್ಲ ಹಬ್ಬಿಸಿದರು. ರಾತ್ರಿ, ಚಳಿ, ನೀರು, ಚಂದ್ರ, ವಿಶ್ರಾಂತಿ ಯಿನ್. ಹಗಲು, ಸೆಕೆ, ಬೆಂಕಿ, ಸೂರ್ಯ, ಚಲನೆ ಯಾಂಗ್. ಕ್ರಿ.ಪೂ. 3ನೇ ಶತಮಾನದ ಜೌ ಯಾನ್ ಈ ವಿಚಾರವನ್ನು ಒಂದು ದರ್ಶನವಾಗಿ ಬೆಳೆಸಿದನೆಂದು ಪ್ರತೀತಿ. ‘ಯಿಜಿಂಗ್’ ಗ್ರಂಥದ 64 ಆಕೃತಿಗಳಲ್ಲಿ ನಡುವೆ ತುಂಡಾದ ಗೆರೆಯನ್ನು ಯಿನ್ ಎಂದೂ ಅಖಂಡ ಗೆರೆಯನ್ನು ಯಾಂಗ್ ಎಂದೂ ಓದಲಾಯಿತು. ಪ್ರಾಚೀನ ವೈದ್ಯಗ್ರಂಥ ‘ಹುವಾಂಗ್ಡಿ ನೈಜಿಂಗ್’ ಹೊಟ್ಟೆಯನ್ನು ಯಿನ್ ಎಂದೂ ಬೆನ್ನನ್ನು ಯಾಂಗ್ ಎಂದೂ ಹೇಳುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಶ್ವಾಸಕೋಶವನ್ನು ಅದು ‘ಯಾಂಗ್‌ನೊಳಗಿನ ಯಿನ್’ ಎಂದು ಎಣಿಸುತ್ತದೆ. ಯಾವುದೂ ಶುದ್ಧ ಯಿನ್ ಅಲ್ಲ, ಶುದ್ಧ ಯಾಂಗ್ ಅಲ್ಲ. ಚಿತ್ರದ ಕಪ್ಪು ಮೀನಿನ ಬಿಳಿಯ ಕಣ್ಣು ಸಾರುವುದೂ ಇದನ್ನೇ.

ಮಗ್ಗುಲು ಮೆಟ್ಟಿಲಾದಾಗ

ಇಷ್ಟು ಸಮತೋಲದ ವಿಚಾರ ಸಮಾಜದ ಕೈಗೆ ಬಂದಾಗ ಏನಾಯಿತು? ಕ್ರಿ.ಪೂ. 2ನೇ ಶತಮಾನದ ಹಾನ್ ವಂಶದ ಕಾಲದಲ್ಲಿ ಡೊಂಗ್ ಝೊಂಗ್‌ಷು ಎಂಬ ವಿದ್ವಾಂಸನ ಹೆಸರಿನಲ್ಲಿ ಬಂದ ಬರಹಗಳು ಯಾಂಗನ್ನು ಮೇಲಕ್ಕೂ ಯಿನ್ನನ್ನು ಕೆಳಕ್ಕೂ ಇರಿಸಿದವು. ದೊರೆ, ತಂದೆ, ಗಂಡ ಯಾಂಗ್. ಪ್ರಜೆ, ಮಗ, ಹೆಂಡತಿ ಯಿನ್. ಗುಡ್ಡದ ಮಗ್ಗುಲಾಗಿದ್ದುದು ಮೆಟ್ಟಿಲಾಯಿತು. ಹೆಣ್ಣು ಹುಟ್ಟಿನಿಂದಲೇ ನೆರಳಿನವಳು ಎಂಬ ಮಾತಿಗೆ ಶಾಸ್ತ್ರದ ಆಧಾರ ದೊರೆಯಿತು.

ಇದೇ ವಂಶದ ಮುಂದಿನ ಕಾಲದಲ್ಲಿ ಬಾನ್ ಝಾವೋ ಎಂಬ ವಿದುಷಿ ಇದ್ದಳು. ಕ್ರಿ.ಶ. 92ರಲ್ಲಿ ತೀರಿಕೊಂಡ ಅಣ್ಣ ಅರ್ಧಕ್ಕೆ ಬಿಟ್ಟಿದ್ದ ಹಾನ್ ಇತಿಹಾಸವನ್ನು ಪೂರ್ತಿಗೊಳಿಸುವುದರಲ್ಲಿ ದುಡಿದವಳು ಆಕೆ. ಹೆಣ್ಣುಮಕ್ಕಳಿಗಾಗಿ ಬರೆದ ಪುಸ್ತಕದಲ್ಲಿ ಆಕೆಯೂ ಕಾಠಿಣ್ಯ ಯಾಂಗ್‌ನ ಗುಣ, ಮೃದುತ್ವ ಯಿನ್‌ನ ಗುಣ ಎಂದೇ ಬೋಧಿಸಿದಳು. ಆದರೆ ಅದೇ ಪುಸ್ತಕದಲ್ಲಿ, ದಾಂಪತ್ಯವು ಯಿನ್-ಯಾಂಗ್‌ಗಳಂತೆ ಪರಸ್ಪರವಾದುದಾದರೆ ಗಂಡುಮಕ್ಕಳಿಗೆ ಮಾತ್ರ ವಿದ್ಯೆ ಕಲಿಸುವುದು ಹೇಗೆ ಸರಿಯೆಂದು ಪ್ರಶ್ನಿಸಿದಳು. ಎಂಟನೆಯ ವರ್ಷಕ್ಕೆ ಹುಡುಗರಿಗೆ ಓದು ಆರಂಭಿಸುವ ನಿಯಮ ಹುಡುಗಿಯರಿಗೇಕಿಲ್ಲ ಎಂಬುದು ಆಕೆಯ ವಾದ. ಬಾಗಿಲು ಮುಚ್ಚಿದ ಪದದಿಂದಲೇ ಆಕೆ ಒಂದು ಕಿಟಕಿ ತೆರೆದಳು.

ಇಂಗ್ಲಿಷಿಗೆ ಬಂದ ಮೇಲೆ

ಮಿಷನರಿಗಳ, ಪ್ರವಾಸಿಗರ ಬರಹಗಳ ಮೂಲಕ ಯಿನ್ ಯುರೋಪಿಗೆ ಹೋಯಿತು. ಇಂಗ್ಲಿಷ್ ನಿಘಂಟುಗಳು ಅದನ್ನು ‘ಸ್ತ್ರೀಸ್ವರೂಪದ ನಿಷ್ಕ್ರಿಯ ತತ್ತ್ವ’ ಎಂಬಂತೆ ವಿವರಿಸುತ್ತವೆ. ಆಡುಮಾತಿನಲ್ಲಿ ಹೊಂದಿಕೊಂಡು ಬಾಳುವ ಇಬ್ಬರಲ್ಲಿ ಒಬ್ಬರನ್ನು ಮತ್ತೊಬ್ಬರ ಯಿನ್ ಎಂದು ಕರೆಯುವುದುಂಟು. ಹಲವರು ‘ಯಿಂಗ್-ಯಾಂಗ್’ ಎಂದು ತಪ್ಪಾಗಿ ಉಚ್ಚರಿಸುವುದೂ ಉಂಟು. ಸ್ಕಾಟ್ಲೆಂಡಿನವರ ಮಾತಿನಲ್ಲಿ ‘ಯಿನ್’ ಎಂದರೆ ಕೇವಲ ‘ಒಂದು’. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಪದದ ತಿರುಳನ್ನು ಅರಿತವರೂ ಇದ್ದರು. ಭೌತವಿಜ್ಞಾನಿ ನೀಲ್ಸ್ ಬೋರ್ 1947ರಲ್ಲಿ ಡೆನ್ಮಾರ್ಕಿನ ರಾಜಗೌರವ ಪಡೆದಾಗ ತನ್ನ ಲಾಂಛನಕ್ಕೆ ಯಿನ್-ಯಾಂಗ್ ವೃತ್ತವನ್ನೇ ಆರಿಸಿದರು. ವಿರುದ್ಧವೆಂದು ತೋರುವುದು ಪೂರಕವೂ ಆಗಬಲ್ಲದೆಂಬುದು ಅವರ ವಿಜ್ಞಾನದ ನಿಲುವಾಗಿತ್ತು.

ನಮ್ಮವರು ಯಿನ್ ಎಂದರೆ ಪ್ರಕೃತಿ ಅಥವಾ ಶಕ್ತಿ ಎಂದು ಸಮೀಕರಿಸುವುದುಂಟು. ಇದರಲ್ಲಿ ಎಚ್ಚರ ಬೇಕು. ಸಾಂಖ್ಯರ ಪ್ರಕೃತಿ ಕ್ರಿಯಾಶೀಲೆ; ಪುರುಷನೇ ಸುಮ್ಮನೆ ನೋಡುವವನು. ಯಿನ್‌ಗೆ ಹೇಳುವ ನಿಶ್ಚಲತೆಗೆ ಇದು ತಿರುಗುಮುರುಗು.

ಬಿಸಿಲಷ್ಟೇ ಇದ್ದರೆ ಪೈರು ಒಣಗೀತು, ನೆರಳಷ್ಟೇ ಇದ್ದರೆ ಕೊಳೆತೀತು. ಈ ಸರಳ ಅನುಭವದ ಮಾತನ್ನು ಒಬ್ಬರ ಹಣೆಗೆ ಅಂಟಿಸಿದಾಗಲೇ ಅನ್ಯಾಯ ಆರಂಭವಾಯಿತು. ಯಾರನ್ನಾದರೂ ‘ಯಿನ್’ ಎಂದು ಕರೆಯುವ ಮೊದಲು, ಈಗ ಸೂರ್ಯ ಯಾವ ದಿಕ್ಕಿನಲ್ಲಿದ್ದಾನೆ ಎಂದು ಕೇಳಿಕೊಳ್ಳುವುದು ಒಳಿತು.